ಕನ್ನಡದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ

೧೯೯೮ನೇ ಇಸವಿಯ ಮಾರ್ಚ್ ತಿಂಗಳಲ್ಲಿ, ಕನ್ನಡದಲ್ಲಿ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇಲ್ಲ ಎಂಬ ಅಂಶವು ಸರ್ಕಾರದ ಗಮನಕ್ಕೆ ಬಂದಿತು.

ಗಮನಕ್ಕೆ ತಂದದ್ದು ಒಂದು ಸಂಜೆ ಪತ್ರಿಕೆ. ಅಮೆರಿಕದಲ್ಲಿ ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬ ತನ್ನ ಕಂಪ್ಯೂಟರನ್ನು ವಾರಗಟ್ಟಲೆ ಓಡಿಸಿ ಒಂಬತ್ತು ಲಕ್ಷದ ಒಂಬತ್ತು ಸಾವಿರದ ಐನೂರ ಇಪ್ಪತ್ತಾರು ಅಂಕಿಗಳ ಒಂದು ಸಂಖ್ಯೆ ಕಂಡುಹಿಡಿದಿದ್ದಾನೆ, ಅದು ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ಭಾಗವಾಗುವುದಿಲ್ಲ, ಇಷ್ಟು ದೊಡ್ಡ ಅವಿಭಾಜ್ಯ ಸಂಖ್ಯೆ ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ ಎಂದು ಮೂರನೇ ಪುಟದಲ್ಲಿ, ಮೂಲವ್ಯಾಧಿ ಜಾಹೀರಾತಿನ ಕೆಳಗೆ ಬಂದಿತ್ತು. ಮಾನ್ಯ ಸದಸ್ಯರೊಬ್ಬರು ಪತ್ರಿಕೆಯನ್ನು ಸದನದಲ್ಲಿ ಎತ್ತಿ ಹಿಡಿದು, ಈ ಸಂಖ್ಯೆ ಕನ್ನಡದಲ್ಲಿ ಯಾಕಿಲ್ಲ ಎಂದು ಕೇಳಿದರು. ಸಚಿವರು ‘ಇಲ್ಲ ಎಂಬುದು ನಿಜ. ಕ್ರಮ ಕೈಗೊಳ್ಳಲಾಗುವುದು’ ಎಂದರು. ಎರಡು ತಿಂಗಳಲ್ಲಿ ಚಾಮರಾಜಪೇಟೆಯ ಐದನೇ ಮೇನ್ ರಸ್ತೆಯಲ್ಲಿ, ಒಂದು ಹಪ್ಪಳ ಸಂಡಿಗೆ ಅಂಗಡಿಯ ಮಹಡಿ ಮೇಲೆ, ಕರ್ನಾಟಕ ಸಂಖ್ಯಾ ಸಂವರ್ಧನ ಮಂಡಳಿ ಶುರುವಾಯಿತು. ಆದೇಶದ ಮುಖ್ಯ ಭಾಗ ಹೀಗಿತ್ತು:

‘ಸದರಿ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಪುಸ್ತಕ ರೂಪದಲ್ಲಿ ಹೊರತರುವುದು. ಸಂಖ್ಯೆಯ ಯಾವುದೇ ಭಾಗವನ್ನು ಸಂಕ್ಷೇಪಿಸತಕ್ಕದ್ದಲ್ಲ. ಓದುಗರ ಅನುಕೂಲಕ್ಕಾಗಿ ಸಾರಾಂಶ ಕೊಡತಕ್ಕದ್ದಲ್ಲ.’

ಮಂಡಳಿಯ ಕಾರ್ಯದರ್ಶಿಯಾಗಿ ಮೀನುಗಾರಿಕೆ ಇಲಾಖೆಯಿಂದ ಗಿರಿಜಾಂಬಾ ಮೇಡಂ ಬಂದರು. ಟೈಪಿಸ್ಟ್, ಜವಾನ, ಬೀಗದ ಕೈ ಇಟ್ಟುಕೊಳ್ಳುವವನು ಎಂಬ ಮೂರು ಹುದ್ದೆಗೂ ಸೇರಿ ಆಂಜಿನಯ್ಯ ಬಂದ. ಗೌರವ ಸಂಪಾದಕರಾಗಿ ಶಂಕರಪುರದ ದೊರೆಸ್ವಾಮಿ ಮೇಷ್ಟ್ರನ್ನು ಕರೆಸಲಾಯಿತು. ಹೈಸ್ಕೂಲಿನಲ್ಲಿ ಮೂವತ್ನಾಲ್ಕು ವರ್ಷ ಗಣಿತ ಹೇಳಿ ರಿಟೈರಾದವರು. ಇಡೀ ಮಂಡಳಿಯಲ್ಲಿ ಅವಿಭಾಜ್ಯ ಸಂಖ್ಯೆ ಎಂದರೇನೆಂದು ಗೊತ್ತಿದ್ದವರು ಅವರೊಬ್ಬರೇ ಆದ್ದರಿಂದ ಅವರಿಗೆ ಸಂಬಳ ಇರಲಿಲ್ಲ.

ನಾಲ್ಕನೆಯವನು ನಾನು, ಮಾಯಣ್ಣ. ಹುದ್ದೆ: ಅಂಕಿ ವಾಚಕ. ತಾತ್ಕಾಲಿಕ.

ಅದಕ್ಕೆ ಮುಂಚೆ ನಾನು ಮಾಡದ ಕೆಲಸವಿಲ್ಲ, ಮುಗಿಸಿದ ಕೆಲಸವೂ ಇಲ್ಲ. ಹುಬ್ಬಳ್ಳಿಯಲ್ಲಿ ಸೋಡಾ ಬಾಟಲಿ ತೊಳೆದಿದ್ದೆ. ಲಾರಿ ಕ್ಲೀನರಾಗಿ ನಾಸಿಕ್‌ವರೆಗೆ ಹೋಗಿ, ಅಲ್ಲಿ ಲಾರಿಯನ್ನೂ ಡ್ರೈವರನ್ನೂ ಬಿಟ್ಟು ಈರುಳ್ಳಿ ಮೂಟೆ ಮೇಲೆ ಕೂತು ವಾಪಸ್ ಬಂದಿದ್ದೆ. ಟೆಂಟ್ ಸಿನಿಮಾದಲ್ಲಿ ಟಿಕೆಟ್ ಹರಿಯುತ್ತಿದ್ದೆ. ಎಲ್ಲಕ್ಕಿಂತ ಜಾಸ್ತಿ ದಿನ ನಿಂತದ್ದು ಒಂದು ಕಡಲೆಕಾಯಿ ಮಂಡಿಯಲ್ಲಿ, ಸೇರು ಅಳೆಯುವವನಾಗಿ, ಎರಡು ವರ್ಷ. ಅದೂ ಮಳೆಗಾಲದಲ್ಲಿ ಸೂರು ಬೇಕಿತ್ತು ಅಂತ.

ಸಂದರ್ಶನ ನಡೆದದ್ದು ಹೀಗೆ.

“ಎಷ್ಟು ಓದಿದೀರ?” ಅಂದರು ಮೇಡಂ.

“ಏಳನೇ ಕ್ಲಾಸು ಮೇಡಂ. ಅದೂ ಪೂರ್ತಿ ಅಲ್ಲ.”

“ಯಾಕೆ ಪೂರ್ತಿ ಅಲ್ಲ?”

“ಭಾಗಾಕಾರ ಬಂತು. ನಾನು ಎದ್ದು ಬಂದೆ.”

ಮೇಡಂ ಹಾಳೆ ಮಗುಚಿ ಹಾಕುವುದರಲ್ಲಿದ್ದರು. ಪಕ್ಕದಲ್ಲಿದ್ದ ಮೇಷ್ಟ್ರು ತಡೆದರು.

“ಇವನೇ ಸರಿ ಮೇಡಂ. ಲೆಕ್ಕ ಬರೋನು ಅಂಕಿ ನೋಡ್ತಾ ಯೋಚನೆ ಮಾಡ್ತಾನೆ. ಯೋಚನೆ ಮಾಡಿದ್ನೋ, ಸಾಲು ತಪ್ತಾನೆ. ಇವನಿಗೆ ಆ ಅಪಾಯ ಇಲ್ಲ.”

ಜೀವನದಲ್ಲಿ ಮೊದಲ ಸಲ ನನಗೊಂದು ಅರ್ಹತೆ ಬಂದಿತ್ತು. ಆದರೆ ಅದಕ್ಕೂ ದಾಖಲೆ ಬೇಕು ಎಂದು ಕಚೇರಿ ಹೇಳಿತು. ನಾನು ಬಿಟ್ಟ ಶಾಲೆಗೆ ಇಪ್ಪತ್ತೊಂದು ವರ್ಷದ ಮೇಲೆ ಹೋಗಿ, ‘ಸದರಿ ಮಾಯಣ್ಣನಿಗೆ ಗಣಿತ ಬರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ’ ಎಂಬ ಪತ್ರ ಬರೆಸಿಕೊಂಡು, ಗೆಜೆಟೆಡ್ ಆಫೀಸರ ಸಹಿ ಹಾಕಿಸಿಕೊಂಡು ಬಂದೆ. ಹೆಡ್‌ಮಾಸ್ಟರು ಹಳೇ ರಿಜಿಸ್ಟರು ತೆಗೆದು ನೋಡಿ, ‘ನಡತೆ ತೃಪ್ತಿಕರ’ ಎಂದು ತಾವಾಗಿಯೇ ಸೇರಿಸಿದರು.

ಸಂಖ್ಯೆಯ ಗುಣಲಕ್ಷಣ ಸಿಬ್ಬಂದಿಗೆ ತಿಳಿದಿರಬೇಕು ಎಂದು ಮೇಷ್ಟ್ರು ಒಂದು ದಿನ ನನ್ನನ್ನೂ ಆಂಜಿನಯ್ಯನನ್ನೂ ಶಂಕರಪುರದ ತಮ್ಮ ಮನೆ ಜಗಲಿಗೆ ಕರೆದರು. ಮೊರದಲ್ಲಿ ಹುರಿದ ಕಡಲೆಕಾಯಿ ಇತ್ತು. ಹನ್ನೆರಡು ಎಣಿಸಿ ನನ್ನ ಮುಂದೆ ಇಟ್ಟರು.

“ಸಮಸಮವಾಗಿ ಸಾಲು ಮಾಡು.”

ಮೂರು ಮೂರರ ನಾಲ್ಕು ಸಾಲು ಮಾಡಿದೆ. ಆಂಜಿನಯ್ಯ ಕೆಡಿಸಿ, ಆರಾರರ ಎರಡು ಸಾಲು ಮಾಡಿದ. ಮೇಷ್ಟ್ರು ಇನ್ನೊಂದು ಕಾಯಿ ಹಾಕಿದರು. “ಈಗ ಮಾಡು.”

ಹೆಂಗೆ ಜೋಡಿಸಿದರೂ ಒಂದು ಉಳಿಯುತ್ತಿತ್ತು, ಇಲ್ಲವೇ ಒಂದು ಸಾಲಲ್ಲಿ ಕಮ್ಮಿ ಬೀಳುತ್ತಿತ್ತು. ಹದಿನೈದು ನಿಮಿಷ ಆದಮೇಲೆ ಆಂಜಿನಯ್ಯ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು “ಈಗ ಆಗುತ್ತೆ ಸಾರ್” ಅಂದ.

“ಕಾಯಿ ತಿನ್ನೋ ಹಾಗಿಲ್ಲ ಕಣಯ್ಯಾ! ತಿನ್ನದೇ ಇದ್ದರೆ ಹದಿಮೂರು ಒಂದೇ ಉದ್ದ ಸಾಲಲ್ಲಿ ನಿಲ್ಲುತ್ತೆ, ಇನ್ಯಾವ ಥರಾನೂ ನಿಲ್ಲಲ್ಲ. ಅದೇ ಅವಿಭಾಜ್ಯ ಅಂದ್ರೆ. ಆ ಅಮೆರಿಕದ ಹುಡುಗನ ಸಂಖ್ಯೇನೂ ಅಷ್ಟೇ. ಊರಿನ ಕಡಲೆಕಾಯಿ ಎಲ್ಲಾ ತಂದು ಸುರಿ, ಒಂದೇ ಸಾಲು.” ಹೇಳುತ್ತಾ ಹೇಳುತ್ತಾ ಮೇಷ್ಟ್ರ ಮುಖ ಅರಳಿತು. “ಅದನ್ನ ಮಾಡೋದು ಬಹಳ ಸುಲಭ. ಎರಡನ್ನ ಎರಡರಿಂದ ಗುಣಿಸ್ತಾ ಹೋಗು. ಎರಡು, ನಾಲ್ಕು, ಎಂಟು... ಹೀಗೆ ಮೂವತ್ತು ಲಕ್ಷದ ಇಪ್ಪತ್ತೊಂದು ಸಾವಿರದ ಮುನ್ನೂರ ಎಪ್ಪತ್ತೇಳು ಎರಡುಗಳನ್ನ ಗುಣಿಸಿ, ಬಂದಿದ್ದರಲ್ಲಿ ಒಂದು ಕಳೆದುಬಿಡು. ಮುಗೀತು. ಕಂಪ್ಯೂಟರಿನ ಭಾಷೇಲಿ ಬರೆದ್ರೆ ಅದರ ತುಂಬಾ ಬರೀ ಒಂದುಗಳೇ. ಮೂವತ್ತು ಲಕ್ಷ ಚಿಲ್ಲರೆ ಒಂದು, ಬೇರೆ ಅಂಕೀನೇ ಇಲ್ಲ!”

ಈ ಕೊನೆಯ ಗುಣ ಗಿರಿಜಾಂಬಾ ಮೇಡಂಗೆ ತಲುಪಿ, ಹಾಗಾದರೆ ಒಂದು ಸಲ ‘೧’ ಎಂದು ಅಚ್ಚು ಹಾಕಿ ಕೆಳಗೆ ‘ಉಳಿದದ್ದು ಮೇಲಿನಂತೆ’ ಎಂದು ಬರೆಯಬಹುದಲ್ಲ ಎಂದು ಅವರು ಮೇಲಕ್ಕೆ ಬರೆದರು. ಪುಸ್ತಕ ಒಂದೇ ಪುಟವಾದರೆ ಅದಕ್ಕೊಂದು ಮಂಡಳಿ ಯಾಕೆ ಎಂದು ಮೇಲಿನಿಂದ ಕೇಳಿದರು. ಮೇಡಂ ಆ ಪತ್ರವನ್ನು ತಾವು ಬರೆದೇ ಇಲ್ಲವೆಂದು ಪರಿಗಣಿಸಬೇಕಾಗಿ ಇನ್ನೊಂದು ಪತ್ರ ಬರೆದರು.

ಹೊರಡುವಾಗ ಮೇಷ್ಟ್ರು ನನ್ನನ್ನು ಮಾತ್ರ ಗೇಟಿನ ಹತ್ತಿರ ನಿಲ್ಲಿಸಿದರು. “ಮಾಯಣ್ಣ, ನನ್ನ ಹೆಸರು ಹಾಕ್ತಾರಂತೆ ಪುಸ್ತಕದ ಮೇಲೆ. ಮೂವತ್ನಾಲ್ಕು ವರ್ಷದಲ್ಲಿ ಬೋರ್ಡ್ ಮೇಲೆ ತಪ್ಪು ಲೆಕ್ಕ ಬಿಟ್ಟು ಒಂದು ದಿನ ಮನೆಗೆ ಬಂದಿಲ್ಲ ನಾನು. ಒಂದ್ಸಲ ಬೀದಿವರೆಗೂ ಬಂದು, ನೆನಪಾಗಿ, ವಾಪಸ್ ಹೋಗಿ ಅಳಿಸಿ ಬಂದಿದೀನಿ. ಅಂಕಿ ಒಂದೂ ಆಚೀಚೆ ಆಗಬಾರದು. ಆಯ್ತಾ?”

“ಆಯ್ತು ಮೇಷ್ಟ್ರೇ” ಎಂದೆ. ಆ ದಿನ ನಾನು ಅದನ್ನು ಮನಸಾರೆ ಹೇಳಿದ್ದೆ.

ಸಂಖ್ಯೆ ಕಂಪ್ಯೂಟರಿನಿಂದ ಇಂಗ್ಲಿಷ್ ಅಂಕಿಗಳಲ್ಲಿ ಅಚ್ಚಾಗಿ ಬಂದಿತ್ತು. ಗುಂಡಿ ಒತ್ತಿದರೆ ಅದೇ ಕನ್ನಡ ಅಂಕಿ ಆಗುತ್ತದೆ ಎಂದು ಒಬ್ಬ ಎಂಜಿನಿಯರು ಹೇಳಿದ. ಗುಂಡಿ ಒತ್ತುವುದಕ್ಕೆ ಮಂಜೂರಾದ ಹುದ್ದೆ ಇರಲಿಲ್ಲ. ಓದುವುದಕ್ಕೆ ಒಂದು, ಟೈಪ್ ಮಾಡುವುದಕ್ಕೆ ಒಂದು ಇತ್ತು. ಹಾಗಾಗಿ ನಾನು ಗಟ್ಟಿಯಾಗಿ ಓದಬೇಕು, ಆಂಜಿನಯ್ಯ ಕುಟ್ಟಬೇಕು ಎಂದಾಯಿತು. ಸೆಕೆಂಡಿಗೆ ಒಂದು ಅಂಕಿ, ದಿನಕ್ಕೆ ಐದು ಗಂಟೆ. ಐವತ್ತೊಂದು ದಿನ.

ಮೊದಲ ದಿನ ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. “ಲಾಭ! ಎರಡು, ಏಳು, ನಾಲ್ಕು, ಲಾಭ, ಲಾಭ...”

ಆಂಜಿನಯ್ಯ ಕೈ ಎತ್ತಿದ. “ಏನ್ ಗುರು ಅದು ಲಾಭ?”

“ಒಂದು ಕಣೋ.”

“ಹಂಗಾದ್ರೆ ಒಂದು ಅನ್ನು.”

“ಮಂಡೀಲಿ ಒಂದು ಅನ್ನಂಗಿಲ್ಲ. ಮೊದಲ ಸೇರು ಅಳೆದಾಗ ಲಾಭ ಅನ್ನಬೇಕು. ಒಂದು ಅಂದ್ರೆ ಸಾಹುಕಾರ ಚೀಲಾನೇ ವಾಪಸ್ ಸುರಿಸ್ತಿದ್ದ. ಬಾಯಿಗೆ ಹಂಗೇ ಕೂತ್ಬಿಟ್ಟಿದೆ.”

“ಒಳ್ಳೇದೇ ಬಿಡು. ಸರ್ಕಾರಿ ಆಫೀಸಲ್ಲಿ ದಿನಕ್ಕೆ ಎರಡು ಸಾವಿರ ಸಲ ಲಾಭ ಅನ್ನೋ ಸದ್ದು ಕೇಳಿದ್ರೆ ಜನಕ್ಕೂ ಧೈರ್ಯ” ಎಂದು ಅವನು ಕುಟ್ಟಲು ಶುರುಮಾಡಿದ.

ಹಾಗೇ ನಡೆಯಿತು. ಕೆಳಗಿನ ಅಂಗಡಿಗೆ ಹಪ್ಪಳ ಕೊಳ್ಳಲು ಬಂದವರು ಮಹಡಿ ಮೇಲೆ ಏನೋ ಪಾರಾಯಣ ನಡೆಯುತ್ತಿದೆ ಎಂದುಕೊಂಡು ಚಪ್ಪಲಿ ಬಿಟ್ಟು ಒಂದು ನಿಮಿಷ ನಿಲ್ಲುತ್ತಿದ್ದರು. ಗವಿಪುರದಿಂದ ಕಾವೇರಮ್ಮ ಎಂಬುವರು ದಿನಾ ಹನ್ನೊಂದಕ್ಕೆ ಬಂದು ಮೆಟ್ಟಿಲ ಮೇಲೆ ಕೂತು, ಮೂರು ಪುಟ ಕೇಳಿ, ಕಣ್ಣಿಗೆ ಕೈ ಒತ್ತಿಕೊಂಡು ಹೋಗುತ್ತಿದ್ದರು. ಅವರ ಮಂಡಿನೋವು ವಾಸಿಯಾಯಿತಂತೆ. ಸಂಖ್ಯೆಗೆ ಈ ಗುಣವೂ ಇದೆ ಎಂದು ನಾನು ಮೇಷ್ಟ್ರಿಗೆ ಹೇಳಲಿಲ್ಲ.

ಐವತ್ತೊಂದನೇ ದಿನ ಮಧ್ಯಾಹ್ನ ಕೊನೆಯ ಸಾಲಿಗೆ ಬಂದೆವು. ಹುಟ್ಟಿದಮೇಲೆ ನಾನು ಶುರುಮಾಡಿ ಮುಗಿಸುತ್ತಿದ್ದ ಮೊದಲ ಕೆಲಸ ಅದು. “ಆರು, ಒಂಬತ್ತು, ನಾಲ್ಕು, ಎರಡು, ಏಳು... ಲಾಭ!” ಎಂದೆ. ಅಲ್ಲಿಗೆ ಸಂಖ್ಯೆ ಮುಗಿದಿತ್ತು. ಆದರೆ ಎರಡು ವರ್ಷ ಚೀಲದ ಮೇಲೆ ಚೀಲ ಅಳೆದ ಬಾಯಿ ಅಲ್ಲಿಗೆ ನಿಲ್ಲಲಿಲ್ಲ. ಮಾಲು ಪೂರ್ತಿ ಅಳೆದಾದಮೇಲೆ, ಕೊಂಡವನ ಮುಖ ನೋಡಿ, ಮೇಲೊಂದು ಹಿಡಿ ಕೊಸರು ಹಾಕದೆ ಸೇರು ಕೆಳಗಿಡುವವನು ಮನುಷ್ಯನೇ ಅಲ್ಲ. “ಕೊಸರು, ಲಾಭ!” ಎಂದೆ.

ಆಂಜಿನಯ್ಯ ಇನ್ನೊಂದು ೧ ಕುಟ್ಟಿ, ಬೆರಳಿನ ನೆಟಿಗೆ ಮುರಿದ.

ಕರಡು ತಿದ್ದಿದವನೂ ನಾನೇ. ಕೊನೆಯಲ್ಲಿ ಎರಡು ೧ ಪಕ್ಕಪಕ್ಕ ನಿಂತದ್ದನ್ನು ನೋಡಿದೆ. ನೋಡಿಲ್ಲ ಅಂದರೆ ಸುಳ್ಳು. ಒಂದು ಮಾಲು, ಒಂದು ಕೊಸರು, ನ್ಯಾಯವಾಗಿಯೇ ಇದೆ ಅನ್ನಿಸಿ ಟಿಕ್ ಹಾಕಿದೆ. ಮೇಷ್ಟ್ರಾದರೂ ನೋಡುತ್ತಿದ್ದರು, ಆದರೆ ಆ ವಾರ ಅವರಿಗೆ ಪೊರೆ ಆಪರೇಷನ್ ಆಗಿ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು.

ಪುಸ್ತಕ ನಾನೂರ ಐವತ್ತೈದು ಪುಟ ಆಯಿತು. ಬಸವನಗುಡಿಯ ಒಂದು ಸಭಾಂಗಣದಲ್ಲಿ ಬಿಡುಗಡೆ. ಭಾಷಣಕ್ಕೆ ಬೇಕೆಂದು ಮೇಡಂ ಆಂಜಿನಯ್ಯನಿಂದ ಕೊನೆಯ ಪುಟದ ಅಂಕಿ ಎಣಿಕೆ ಮಾಡಿಸಿ, ಒಟ್ಟು ಹಾಕಿಸಿ ಸಚಿವರಿಗೆ ಚೀಟಿ ಕೊಟ್ಟಿದ್ದರು. ಸಚಿವರು ಚೀಟಿ ನೋಡಿದರು, ಆಮೇಲೆ ಹಳೆಯ ಸಂಜೆ ಪತ್ರಿಕೆಯ ತುಣುಕು ನೋಡಿದರು, ಆಮೇಲೆ ಮೈಕು ಹತ್ತಿರಕ್ಕೆ ಎಳೆದುಕೊಂಡರು.

“ಬಂಧುಗಳೇ, ಅಮೆರಿಕದ ಸಂಖ್ಯೆಯಲ್ಲಿರೋದು ಒಂಬತ್ತು ಲಕ್ಷದ ಒಂಬತ್ತು ಸಾವಿರದ ಐನೂರ ಇಪ್ಪತ್ತಾರು ಅಂಕಿ. ನಮ್ಮದರಲ್ಲಿ ಇಪ್ಪತ್ತೇಳು! ಅವರಿಗಿಂತ ಒಂದು ಅಂಕಿ ಮುಂದೆ ಹೋಗಿದೀವಿ. ಕನ್ನಡದ ಶಕ್ತಿ ಇದು!”

ಚಪ್ಪಾಳೆ ಎರಡು ನಿಮಿಷ ನಿಲ್ಲಲಿಲ್ಲ. ಮುಂದಿನ ಸಾಲಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದ ಮೇಷ್ಟ್ರು ಮಾತ್ರ ಕೈ ತಟ್ಟಲಿಲ್ಲ. ತಲೆ ತಿರುಗಿಸಿ ನನ್ನನ್ನು ಹುಡುಕುತ್ತಿದ್ದರು. ನಾನು ಕಂಬದ ಹಿಂದೆ ಇದ್ದೆ.

ಮಾರನೆಯ ಬೆಳಿಗ್ಗೆ ಜಗಲಿ ಮೇಲೆ ಪುಸ್ತಕದ ಕೊನೆಯ ಪುಟ ತೆಗೆದಿಟ್ಟುಕೊಂಡು ಕೂತಿದ್ದರು.

“ಏನಯ್ಯಾ ಇದು ಕೊನೇದು?”

“ಕೊಸರು ಮೇಷ್ಟ್ರೇ.”

“ಏನು?”

“ಅಷ್ಟು ದೊಡ್ಡ ಮಾಲಿಗೆ ಕೊಸರಿಲ್ಲದೆ ಹೆಂಗೆ ಅಂತ...”

ಮೇಷ್ಟ್ರು ಪುಸ್ತಕ ಮುಚ್ಚಿ ಬದಿಗಿಟ್ಟರು. ಆಮೇಲೆ ಸ್ಲೇಟು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಎದ್ದು ಹೋಗುತ್ತಿದ್ದೆ. ಬೈಸಿಕೊಂಡು ಊರು ಬಿಡುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಪಾಠ ಹೇಳಿದರು.

“ಎರಡರಿಂದ ಗುಣಿಸ್ತಾ ಹೋಗು. ಐದು ಎರಡು.”

“ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು.”

“ಮೂವತ್ತೆರಡನ್ನ ಮೂವತ್ತೊಂದರಿಂದ ಭಾಗಿಸು. ಎಷ್ಟು ಉಳೀತು?”

“ಒಂದು.”

“ಹಾಗೆ ಐದು ಸಲ ಗುಣಿಸಿದಾಗೆಲ್ಲ ಉಳಿಯೋದು ಮತ್ತೆ ಒಂದಕ್ಕೇ ಬಂದು ನಿಲ್ಲುತ್ತೆ. ನಮ್ಮ ಮೂವತ್ತು ಲಕ್ಷ ಚಿಲ್ಲರೆ ಸಲದಲ್ಲಿ ಐದೈದು ತೆಗೀತಾ ಹೋಗು. ಕೊನೇ ಅಂಕಿ ಏಳು. ಎಷ್ಟು ಸಲ ಮಿಗುತ್ತೆ?”

ಬೆರಳು ಮಡಿಸಿದೆ. “ಎರಡು.”

“ಎರಡು ಸಲ ಗುಣಿಸಿದ್ರೆ ನಾಲ್ಕು. ಒಂದು ಕಳಿ.”

“ಮೂರು.”

“ಅಂದ್ರೆ ಅಮೆರಿಕದ ಸಂಖ್ಯೇನ ಮೂವತ್ತೊಂದರಿಂದ ಭಾಗಿಸಿದ್ರೆ ಮೂರು ಉಳಿಯುತ್ತೆ. ಸರಿಯಾಗೇ ಇದೆ. ಭಾಗ ಆಗಬಾರದು, ಆಗಿಲ್ಲ. ಈಗ ಭಾಗಾಕಾರದಲ್ಲಿ ಮುಂದಿನ ಅಂಕಿ ಇಳಿಸೋ ಹಾಗೆ ಆ ಮೂರರ ಪಕ್ಕ ನಿನ್ನ ಕೊಸರು ಇಡು.”

ಸ್ಲೇಟಿನ ಮೇಲೆ ಮೂರು ಇತ್ತು. ಪಕ್ಕದಲ್ಲಿ ಒಂದು ಬರೆದೆ.

“ಓದು.”

“ಮೂವತ್ತೊಂದು.”

“ಮೂವತ್ತೊಂದರಲ್ಲಿ ಮೂವತ್ತೊಂದು ಹೋದ್ರೆ?”

“ಏನೂ ಉಳಿಯಲ್ಲ ಮೇಷ್ಟ್ರೇ.”

“ಏನೂ ಉಳಿಯಲ್ಲ” ಎಂದು ಅವರೂ ಅಂದರು. “ನೀನು ಕೊಸರು ಹಾಕಿದ ಸಂಖ್ಯೆ ಮೂವತ್ತೊಂದರಿಂದ ಲಕ್ಷಣವಾಗಿ ಭಾಗ ಆಗುತ್ತೆ. ನನ್ನ ಹೆಸರಿದೆ ಅದರ ಮೇಲೆ.”

ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಭಾಗಾಕಾರ ಅದು. ಅದರಲ್ಲಿ ನನ್ನ ಅಪರಾಧವೇ ಸಾಬೀತಾದದ್ದು ಬೇರೆ ವಿಷಯ. ಒಂದು ಕ್ಷಣ, ದೇವರಾಣೆ, ಖುಷಿಯಾಯಿತು.

ಮೇಷ್ಟ್ರು ಅವತ್ತೇ ಮಂಡಳಿಗೆ ಅರ್ಜಿ ಬರೆದರು: ಕೊನೆಯ ಅಂಕಿ ತೆಗೆದುಹಾಕಿ, ತಿದ್ದೋಲೆ ಹಚ್ಚಿ. ಅರ್ಜಿ ಹಿಡಿದುಕೊಂಡು ಹೋದವನು ನಾನೇ. ತಪ್ಪು ನನ್ನದು ಎಂದೂ ಹೇಳಿದೆ.

ಗಿರಿಜಾಂಬಾ ಮೇಡಂ ಅದನ್ನು ಎರಡು ಸಲ ಓದಿದರು. “ರೀ ಮಾಯಣ್ಣ, ಸಚಿವರು ಒಂದು ಜಾಸ್ತಿ ಅಂತ ಮೈಕಲ್ಲಿ ಹೇಳಾಗಿದೆ. ಈಗ ತೆಗೆದ್ರೆ ಒಂದು ಸರ್ಕಾರಿ ಅಂಕಿ ಕಡಿಮೆ ಬೀಳುತ್ತೆ. ಜಾಸ್ತಿ ಇದ್ರೆ ಯಾರೂ ಕೇಳಲ್ಲ. ಕಡಿಮೆ ಆದ್ರೆ ಎಲ್ಲಿ ಹೋಯ್ತು ಅಂತಾರೆ. ನೀವು ಮನೆಗೆ ತಗೊಂಡು ಹೋಗಿಲ್ಲ ಅಂತ ಏನು ಗ್ಯಾರಂಟಿ?”

ಆದರೂ ಅರ್ಜಿ ಬಂದಿದೆ, ವಿಚಾರಣೆ ಆಗಲೇಬೇಕು. ಹದಿನೈದು ದಿನ ಬಿಟ್ಟು ನೋಟೀಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು:

‘ಮಂಡಳಿಯ ಸಂಖ್ಯೆಯನ್ನು ತಾನು ಭಾಗಿಸುವುದಾಗಿ ಮೂವತ್ತೊಂದು ಎಂಬ ಸಂಖ್ಯೆಯ ಪರವಾಗಿ ತಕರಾರು ಸ್ವೀಕೃತವಾಗಿದ್ದು, ಸದರಿ ಮೂವತ್ತೊಂದು ಇದೇ ತಿಂಗಳ ಇಪ್ಪತ್ತನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಅಗತ್ಯ ದಾಖಲೆಗಳೊಂದಿಗೆ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು.’

ಇಪ್ಪತ್ತನೇ ತಾರೀಕು ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಬಗಲಲ್ಲಿ ಸ್ಲೇಟು ಇಟ್ಟುಕೊಂಡು ಬಂದರು. ಹನ್ನೊಂದು ಹೊಡೆದ ತಕ್ಷಣ ಆಂಜಿನಯ್ಯ ಮೆಟ್ಟಿಲ ಮೇಲೆ ನಿಂತು, ಕೋರ್ಟಿನಲ್ಲಿ ಕೂಗುವ ಹಾಗೆ ಕೂಗಿದ.

“ಮೂವತ್ತೊಂದೂ... ಮೂವತ್ತೊಂದೂ... ಮೂವತ್ತೊಂದೂ...”

ಕೆಳಗೆ ಅಂಗಡಿಯಲ್ಲಿ ಟೋಕನ್ ಹಿಡಿದು ನಿಂತಿದ್ದ ಹೆಂಗಸೊಬ್ಬರು ತಲೆಯೆತ್ತಿ “ನಂದು ಇಪ್ಪತ್ತೆಂಟು. ಆಗಲೇ ದಾಟಿಹೋಯ್ತಾ?” ಅಂದರು. ಅಷ್ಟು ಬಿಟ್ಟರೆ ಯಾರೂ ಬರಲಿಲ್ಲ.

“ಹಾಜರಿಲ್ಲ ಮೇಡಂ” ಎಂದು ಆಂಜಿನಯ್ಯ ಒಳಗೆ ಬಂದು ವರದಿ ಮಾಡಿದ.

ಮೇಷ್ಟ್ರು ಎದ್ದು ನಿಂತರು. “ಅದರ ಪರವಾಗಿ ನಾನು ಬಂದಿದೀನಲ್ಲ.”

“ವಕಾಲತ್ತು ಇದೆಯಾ ಸಾರ್?”

“ಮೇಡಂ, ಅದು ಒಂದು ಸಂಖ್ಯೆ. ಸಹಿ ಎಲ್ಲಿಂದ ಹಾಕುತ್ತೆ?”

“ಅದು ನಮಗೂ ಗೊತ್ತಿದೆ ಸಾರ್. ಗೊತ್ತಿದ್ದೇ ಕೇಳ್ತಿರೋದು. ನಾಳೆ ಇನ್ಯಾರೋ ಬಂದು ಮೂವತ್ತೇಳರ ಕಡೆಯೋರು ಅಂತಾರೆ. ಸುತ್ತಮುತ್ತ ಎಷ್ಟು ಸಂಖ್ಯೆ ಇದಾವೆ! ಎಲ್ಲರಿಗೂ ಬಾಗಿಲು ತೆಗೆದ್ರೆ ಮಂಡಳಿ ನಡೆಯೋದು ಹೇಗೆ?”

“ಇಲ್ಲೇ ಸ್ಲೇಟ್ ಮೇಲೆ ತೋರಿಸ್ತೀನಿ ಮೇಡಂ, ಎರಡು ನಿಮಿಷ. ಈ ಮಾಯಣ್ಣನೇ ಮಾಡಿದಾನೆ.”

ಮೇಡಂ ನನ್ನ ಕಡೆ ನೋಡಿದರು. ನಾನು ಎದ್ದು, ಹೌದು ಮೇಡಂ, ನಾನೇ ಭಾಗಿಸಿದೆ, ಏನೂ ಉಳಿಯಲಿಲ್ಲ ಎಂದೆ. ಧೈರ್ಯವಾಗಿ ಹೇಳಿದೆ ಅಂತಲೇ ಈಗಲೂ ನಂಬಿದ್ದೇನೆ. ಮೇಡಂ ನನ್ನ ಫೈಲು ತರಿಸಿ, ನನಗೆ ಗಣಿತ ಬರುವುದಿಲ್ಲ ಎಂಬ ಪತ್ರವನ್ನು ಎತ್ತಿ ಓದಿದರು. ಗೆಜೆಟೆಡ್ ಆಫೀಸರ ಸಹಿಯನ್ನು ಮೇಷ್ಟ್ರಿಗೂ ತೋರಿಸಿದರು. ನನ್ನ ಸಾಕ್ಷ್ಯ ಅಲ್ಲಿಗೆ ಬಿದ್ದುಹೋಯಿತು.

ಸಂಜೆ ನಾಲ್ಕಕ್ಕೆ ಆದೇಶ: ‘ಮೂವತ್ತೊಂದು ಗೈರುಹಾಜರಾಗಿರುವುದರಿಂದಲೂ, ಇತರ ಯಾವ ಸಂಖ್ಯೆಯೂ ತಕರಾರು ಸಲ್ಲಿಸಿಲ್ಲವಾದ್ದರಿಂದಲೂ, ಮಂಡಳಿಯ ಸಂಖ್ಯೆಯು ಅವಿಭಾಜ್ಯವೆಂದು ತೀರ್ಮಾನಿಸಲಾಗಿದೆ.’

ಮೇಷ್ಟ್ರು ಬಿಡಲಿಲ್ಲ. ವಾರಕ್ಕೊಂದು ಪತ್ರ. ಪ್ರತಿ ಪತ್ರದಲ್ಲೂ ಅದೇ ಐದು ಸಾಲಿನ ಸಾಧನೆ, ಪ್ರತಿ ಸಲವೂ ಇನ್ನೂ ಸ್ವಲ್ಪ ಸುಲಭ ಮಾಡಿ. ಕೊನೆಕೊನೆಗೆ ಅದು ಎಷ್ಟು ಸುಲಭವಾಗಿತ್ತೆಂದರೆ, ಅಂಗಡಿಯಲ್ಲಿ ಹಪ್ಪಳ ಕಟ್ಟುವ ಮುನಿಯಮ್ಮ ಕೂಡ ಅರ್ಥ ಮಾಡಿಕೊಂಡು, “ಪಾಪ, ಅಷ್ಟೇ ತಾನೇ, ತೆಗೆದ್ಬಿಡಬಾರದಾ?” ಅಂದಳು. ಮಂಡಳಿ ಪ್ರತಿ ಪತ್ರಕ್ಕೂ ಸ್ವೀಕೃತಿ ಕೊಟ್ಟಿತು. ಮೇಷ್ಟ್ರು ಸೊರಗಿದರು. ಸಂಜೆ ವಾಕಿಂಗ್ ಬಿಟ್ಟರು. ಗುರುತಿನವರು ಸಿಕ್ಕಿ “ನಿಮ್ಮ ಪುಸ್ತಕ ನೋಡಿದೆ ಸಾರ್” ಅಂದರೆ ಸಾಕು, ಬೀದಿಯಲ್ಲೇ ನಿಲ್ಲಿಸಿ “ಕೊನೇದು ಬಿಟ್ಟು ಓದಿ” ಎಂದು ಬೇಡಿಕೊಳ್ಳುತ್ತಿದ್ದರು. ನಾನು ಊರು ಬಿಡೋಣ ಅಂತ ಎರಡು ಸಲ ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬಂದೆ. ಬಸ್ಸುಗಳ ಮೇಲೆಲ್ಲ ಅಂಕಿಗಳಿದ್ದವು.

ಹೀಗಿರುವಾಗ ೧೯೯೯ರ ಜೂನಿನಲ್ಲಿ ಅಮೆರಿಕದವರು ಇನ್ನೊಂದು ಅವಿಭಾಜ್ಯ ಸಂಖ್ಯೆ ಕಂಡುಹಿಡಿದರು. ಇಪ್ಪತ್ತು ಲಕ್ಷ ಅಂಕಿ ದಾಟಿದ್ದು.

ಮಂಡಳಿಯಲ್ಲಿ ಸಾವಿನ ಕಳೆ ಬಂತು. ನಮ್ಮದಕ್ಕಿಂತ ದೊಡ್ಡದು ಇದೆ ಎಂದಮೇಲೆ ನಮ್ಮದು ‘ಅತಿ ದೊಡ್ಡದು’ ಹೇಗೆ, ಅತಿ ದೊಡ್ಡದಲ್ಲದ ಸಂಖ್ಯೆಗೆ ಒಂದು ಮಂಡಳಿ ಏಕೆ ಎಂದು ಮೇಲಿನಿಂದ ಕಾಗದ ಬಂತು. ಮುಚ್ಚಲು ಒಂದು ತಿಂಗಳ ಗಡುವು. ಮೇಡಂಗೆ ಮೀನುಗಾರಿಕೆಗೆ ವಾಪಸ್ ಹೋಗಲು ಮನಸ್ಸಿರಲಿಲ್ಲ. ಹಳೆಯ ಫೈಲುಗಳನ್ನೆಲ್ಲ ತೆಗೆಸಿ, ಸಂಖ್ಯೆಯ ಬೇರೆ ಯಾವುದಾದರೂ ಗುಣಲಕ್ಷಣ ಇದೆಯಾ ಎಂದು ಹುಡುಕುತ್ತ ಮೂರು ದಿನ ಕೂತರು. ನಾಲ್ಕನೇ ದಿನ ಬೆಳಿಗ್ಗೆ ಆಟೋ ಮಾಡಿಕೊಂಡು, ನನ್ನನ್ನೂ ಕೂರಿಸಿಕೊಂಡು ಶಂಕರಪುರಕ್ಕೆ ಬಂದರು. ಕೈಯಲ್ಲಿ ಮೇಷ್ಟ್ರ ಪತ್ರಗಳ ಕಟ್ಟು ಇತ್ತು.

“ಸಾರ್, ನಮ್ಮ ಸಂಖ್ಯೆ ಮೂವತ್ತೊಂದರಿಂದ ಭಾಗ ಆಗುತ್ತೆ ಅಂತ ಬರೆದಿದೀರಲ್ಲ, ಅದು ಖಂಡಿತಾನಾ?”

ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. “ಒಂದು ವರ್ಷದಿಂದ ಅದನ್ನೇ ಹೇಳ್ತಿದೀನಿ ತಾಯಿ!”

“ಅಮೆರಿಕದ ಹೊಸ ಸಂಖ್ಯೆ? ಅದು ಮೂವತ್ತೊಂದರಿಂದ ಭಾಗ ಆಗುತ್ತಾ?”

“ಅದು ಅವಿಭಾಜ್ಯ. ಆಗಲ್ಲ.”

“ಲೆಕ್ಕ ಹಾಕಿ ಹೇಳಿ ಸಾರ್. ದಾಖಲೆಗೆ ಬೇಕು.”

ಮೇಷ್ಟ್ರು ಸ್ಲೇಟು ತೆಗೆದರು. ಅದೂ ಎರಡುಗಳ ಗುಣಾಕಾರವೇ. ಐದೈದು ತೆಗೆದರೆ ಮೂರು ಮಿಕ್ಕಿತು, ಎಂಟು ಬಂತು, ಒಂದು ಹೋಗಿ ಏಳು. “ಏಳು ಉಳಿಯುತ್ತೆ. ಭಾಗ ಆಗಲ್ಲ.”

“ಮುಂದೆ ಅವರು ಇನ್ನೂ ದೊಡ್ಡದು ಕಂಡುಹಿಡಿದ್ರೆ?”

“ಎಷ್ಟು ದೊಡ್ಡದಾದ್ರೂ ಅಷ್ಟೇ. ಅವಿಭಾಜ್ಯ ಆಗಿದ್ರೆ ಮೂವತ್ತೊಂದರಿಂದ ಭಾಗ ಆಗೋಕೆ ಸಾಧ್ಯವೇ ಇಲ್ಲ.”

ಮೇಡಂ ಕಣ್ಣು ಒರೆಸಿಕೊಂಡರು. ಬ್ಯಾಗಿನಿಂದ ಟೈಪ್ ಮಾಡಿದ ಹಾಳೆ ತೆಗೆದರು. ಎರಡನೇ ಮುದ್ರಣದ ಮುಖಪುಟ. ‘ಮೂವತ್ತೊಂದರಿಂದ ಭಾಗವಾಗುವ, ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ. ಸಂಪಾದಕರು: ಶ್ರೀ ದೊರೆಸ್ವಾಮಿ.’

ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

“ಭಾಗ ಆಗೋದಾದ್ರೆ ಅದು ಅವಿಭಾಜ್ಯ ಅಲ್ಲ ಮೇಡಂ.”

“ಅವಿಭಾಜ್ಯ ಅನ್ನೋದು ಹೋದ ವರ್ಷದ ಫೈಲು ಸಾರ್. ಅದು ತೀರ್ಮಾನ ಆಗಿ ಮುಚ್ಚಿದೆ. ಭಾಗ ಆಗುತ್ತೆ ಅನ್ನೋದು ಈ ವರ್ಷದ ಫೈಲು. ಎರಡನ್ನೂ ಒಂದೇ ಮೇಜಿನ ಮೇಲೆ ಇಡೋ ಪದ್ಧತಿ ನಮ್ಮಲ್ಲಿಲ್ಲ.”

“ಎರಡೂ ನಿಜ ಆಗೋಕೆ...”

“ನಿಮ್ಮ ಒಂದು ವರ್ಷದ ಕೋರಿಕೆ ಪೂರ್ತಿ ಒಪ್ಪಿಕೊಂಡಿದೀವಿ ಸಾರ್. ಮೂವತ್ತೊಂದರಿಂದ ಭಾಗ ಆಗುತ್ತೆ ಅಂತ ಮುಖಪುಟದ ಮೇಲೇ ಹಾಕಿದೀವಿ. ಬೇಡ ಅಂದ್ರೆ ಹೇಳಿ, ಅದನ್ನ ತೆಗೆದು ಬರೀ ಅವಿಭಾಜ್ಯ ಅಂತಲೇ ಬಿಟ್ಬಿಡ್ತೀವಿ.”

ಒಳಗೆ ಕುಕ್ಕರ್ ಕೂಗಿತು. ಮೇಷ್ಟ್ರು ಕೆಂಪು ಪೆನ್ಸಿಲ್ ಹುಡುಕಿ ತೆಗೆದು, ಹಾಳೆಯ ಮೇಲೆ ಹಿಡಿದರು. ‘ಮೂವತ್ತೊಂದರಿಂದ ಭಾಗವಾಗುವ’ ಎಂಬಲ್ಲಿಗೆ ತಂದರು. ಅದು ಅವರದೇ ಮಾತು, ಒಂದು ವರ್ಷ ಅದಕ್ಕಾಗಿ ಸೊರಗಿದ್ದರು. ‘ಅವಿಭಾಜ್ಯ’ ಎಂಬಲ್ಲಿಗೆ ತಂದರು. ಅಲ್ಲಿ ಪೆನ್ಸಿಲ್ ತುಂಬಾ ಹೊತ್ತು ನಿಂತಿತು. ಅದನ್ನು ಹೊಡೆದರೆ ಮೂವತ್ತೊಂದರ ಮಾತೂ ಹೋಗುತ್ತದೆ ಎಂದು ಅವರಿಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, ಪೆನ್ನು ಕೇಳಿದರು. ಸಹಿ ಮಾಡಿದರು.

ಮಂಡಳಿ ಉಳಿಯಿತು. ನನ್ನನ್ನು ಹೆಚ್ಚುವರಿ ಅಂಕಿ ಅಧಿಕಾರಿ ಎಂದು ಖಾಯಂ ಮಾಡಲಾಯಿತು.

ಎರಡನೇ ಮುದ್ರಣ ಬಂದ ದಿನ ಮೇಷ್ಟ್ರು ತಿಂಗಳುಗಳ ಮೇಲೆ ವಾಕಿಂಗ್ ಹೊರಟರು. ನಾನೂ ಜೊತೆಗಿದ್ದೆ. ಬಸವನಗುಡಿಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವರ ಹಳೆಯ ಗೆಳೆಯರು ಐದಾರು ಜನ ಕೂತಿದ್ದರು. ಒಬ್ಬರು ಬ್ಯಾಂಕಿನಲ್ಲಿದ್ದವರು, ಪುಸ್ತಕದ ಮುಖಪುಟ ನೋಡಿ, “ಏನ್ರೀ ದೊರೆಸ್ವಾಮಿ, ಅಮೆರಿಕದೋರು ನಾಳೆ ಈ ದಾಖಲೇನೂ ಮುರಿದುಹಾಕಿದ್ರೆ?” ಎಂದರು.

“ಅವರ ಕೈಲಾಗಲ್ಲ” ಎಂದರು ಮೇಷ್ಟ್ರು.

“ಅಷ್ಟು ಗ್ಯಾರಂಟಿನಾ?”

“ಎಂದೆಂದಿಗೂ ಆಗಲ್ಲ ಕಣ್ರೀ. ಮೂವತ್ತೊಂದರಿಂದ ಭಾಗ ಆಗೋ ಅವಿಭಾಜ್ಯ, ಇದಕ್ಕಿಂತ ದೊಡ್ಡದು ಇನ್ನೊಂದು ಇರೋಕೇ ಸಾಧ್ಯವಿಲ್ಲ. ಬೇಕಾದ್ರೆ ಸಾಧಿಸಿ ತೋರಿಸ್ತೀನಿ, ಕೂತ್ಕೊಳಿ.”

ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ನಾಲ್ಕೇ ಸಾಲಿನಲ್ಲಿ ಸಾಧಿಸಿ ತೋರಿಸಿದರು. ಎಲ್ಲರೂ ಬಗ್ಗಿ ನೋಡಿದರು. ಎಲ್ಲಿಯೂ ತಪ್ಪಿರಲಿಲ್ಲ. ಎಲ್ಲರೂ ಒಪ್ಪಿದರು.